ನಿನ್ನೆಯ ಜಾಡು

ಸ್ಕೀ ಕೋಲು ಹಿಮದಲ್ಲಿ ಗೇಣುದ್ದ ಇಳಿಯಿತು, ಗುನ್ವೋರ್ ಕಿತ್ತು ಇನ್ನೊಂದೆಡೆ ಊರಿದಳು, ಅಲ್ಲೂ ಗೇಣುದ್ದ, ಬೆಳಗ್ಗೆ ಏಳಕ್ಕೆ ಇದೇ ಹಿಮ ಹಂಚಿನ ಹಾಗೆ ಟಣ್ಣೆಂದಿತ್ತು, ಟಣ್ಣೆಂದದ್ದು ಮೇಲಿನ ತೆಳುಪದರ ಮಾತ್ರ, ಈಗ ಹತ್ತಾಗಿಲ್ಲ, ಒದ್ದೆ ಸಕ್ಕರೆ — ರಾತ್ರಿ ಕಡಲಿಂದ ಮೋಡ ಬಂದು ಮುಚ್ಚಳದಂತೆ ಕೂತದ್ದನ್ನು ಕಂಡೂ ಮಲಗಿದ್ದಳು, ಚುಕ್ಕಿ ಕಾಣದ ರಾತ್ರಿ ಹಿಮ ಗಟ್ಟಿಯಾಗದೆಂದು ಈ ಲಿಂಗೆನ್ ಸೀಮೆಯ ಕೂಸಿಗೂ ಗೊತ್ತು, ಆದರೂ ನಿನ್ನೆ ತಾವೇ ಹಾಕಿದ ಸ್ಕೀ ಜಾಡು ಕಂಡಿತು, ಹಿಡಿದು ಬಂದುಬಿಟ್ಟರು, ನಿನ್ನೆ ಹೊತ್ತ ಇಳಿಜಾರು ಇವತ್ತೂ ಹೊರುತ್ತದೆಂದು. ನಿನ್ನೆ ಇಳಿಜಾರು ದಾಟಿದ ಮೇಲೆ ಗಾಳಿ ಜೋರಾಗಿ ಶಿಖರದ ಕೆಳಗಿನ ಕಣಿವೆಬಾಯಿಂದಲೇ ಮರಳಿದ್ದರು, ಇವತ್ತು ಶಿಖರ, ತೆರೆದ ಕಡಲು ಕಾಣುವ ಜಾಗ, ನಲವತ್ತು ಈಸ್ಟರ್‌ಗಳಲ್ಲಿ ಗಂಡ ಓಸ್ಮುಂದ್ ಅಲ್ಲೇ ಕೂತು ಕಿತ್ತಳೆ ಸುಲಿದಿದ್ದಾನೆ, ಎದೆಯ ಶಸ್ತ್ರಚಿಕಿತ್ಸೆಯ ನಂತರ ಡಾಕ್ಟರು ಅವನಿಗೆ ಇದೇ ಕೊನೆಯ ಬೆಟ್ಟ ಎಂದಿದ್ದಾರೆ, ಅವನಾಗಲೇ ಕೋಲಿನ ಪಟ್ಟಿಗಳಿಂದ ಮುಂಗೈ ಬಿಡಿಸಿಕೊಳ್ಳುತ್ತಿದ್ದಾನೆ, ಹಿಮ ಎಳೆದೊಯ್ದರೆ ಕೈ ಸಿಕ್ಕಿಕೊಳ್ಳಬಾರದಲ್ಲ, ನಾನು ಮೊದಲು ದಾಟ್ತೀನಿ, ನೀನು ಕಣ್ಣು ಮಿಟುಕಿಸ್ದೆ ನೋಡ್ತಿರು, ಎಂದ, ನಾನೇನು ಮದುವೆ ಗಂಡು ನೋಡ್ಬೇಕಾ, ತಡಿಯೋ ಮುದುಕಪ್ಪ, ಒಂದ್ಸಲ ತಟ್ಟಿ ನೋಡ್ತೀನಿ. ತಿರುಗಿ ಬರಲು ನಾಚಬೇಡ, ಬೆಟ್ಟದ ಗುಡಿಸಲುಗಳಲ್ಲೆಲ್ಲ ಬರೆದಿಟ್ಟ ನಿಯಮ, ಮಕ್ಕಳು ಬಾಯಿಪಾಠ ಒಪ್ಪಿಸುತ್ತವೆ, ಇವನ ಮುಖ ನೋಡಿ ಹೇಳುವವರು ಯಾರು.

ಹಿಮ ಅಗೆದು ಹಿಮದ್ದೇ ಒಂದು ಕಂಬ ಬಿಡಿಸಿ, ಮೇಲೆ ಸಲಿಕೆಯಿಟ್ಟು ತಟ್ಟಿದಳು, ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು, ಹಾಗೆ ಲೆಕ್ಕ, ಎಷ್ಟು ಬೇಗ ಜಾರಿದರೆ ಅಷ್ಟು ಅಪಾಯ — ಮಣಿಕಟ್ಟಿನ ನಾಲ್ಕಕ್ಕೇ ಕಂಬದ ಮೇಲ್ಭಾಗ ಮೇಜಿನ ಖಾನೆ ತೆರೆದಂತೆ ನುಣ್ಣಗೆ ಜಾರಿ ಅವಳ ಮಡಿಲಿಗೆ ಬಂತು. ನಾಲ್ಕಕ್ಕೇ ಹೋಯ್ತಲ್ಲೇ, ಕೈಯೋ ಸುತ್ತಿಗೆಯೋ. ಕೈ ಅಲ್ಲ ಕಣೋ, ಹಿಮ. ಅವನು ಶಿಖರ ನೋಡಿದ, ಅವಳನ್ನು ನೋಡಿದ, ಆಮೇಲೆ ಬಗ್ಗಿ ಮಂಡಿ ಹಿಡಿದುಕೊಂಡ, ಅಯ್ಯೋ, ಈ ಮಂಡಿ ಕೈ ಕೊಡ್ತಿದೆ ಕಣೆ, ವಾಪಸ್ ಹೋಗೋಣ್ವಾ. ಮಂಡಿಯಂತೆ! ಈಗ ತಾನೇ ಶಿಳ್ಳೆ ಹಾಕುತ್ತ ಹತ್ತಿದವನು, ನಲವತ್ತು ವರ್ಷದಲ್ಲಿ ಹಲ್ಲುನೋವನ್ನೂ ಒಪ್ಪದವನು, ಬೇಡ ಎನ್ನುವ ಭಾರ ಅವಳ ಬಾಯಿಗೆ ಬೀಳದಿರಲೆಂದು — ಹೂಂ, ಪಾಪ ಮಂಡಿ, ನಡಿ, ಎಂದಳು.

ಪಕ್ಕದ ಬಂಡೆಯ ದಿಬ್ಬಕ್ಕೆ ಮರಳಿ ಕೂತಾಗ ಕಿತ್ತಳೆಯ ಅರ್ಧ ಅವಳ ಕೈಗಿಟ್ಟ, ಸಿಪ್ಪೆಯ ವಾಸನೆ, ಕೆಳಗೆ ಬೆಟ್ಟಗಳ ನಡುವೆ ಕಡಲು ಒಳನುಗ್ಗಿದ ಫ್ಯೋರ್ಡಿನ ಕಪ್ಪು ನೀರು, ಹಿಮ ಅದುರಿದ್ದು ಮೊದಲು ಕಿವಿಗಲ್ಲ, ಅಂಗಾಲಿಗೆ ಗೊತ್ತಾಯಿತು, ಆಮೇಲೆ ಬಟ್ಟೆ ಹರಿದಂತೆ ಇಳಿಜಾರಿನ ಅಡ್ಡಕ್ಕೆ ಒಂದು ಗೆರೆ ಓಡುತ್ತದೆ, ಎಷ್ಟು ನಿಧಾನ, ಎಷ್ಟು ವೇಗ, ಇಡೀ ಬೆಟ್ಟದ ಮೈ ಎದ್ದು ನಡೆಯುತ್ತದೆ, ಮನೆಯಷ್ಟೆತ್ತರದ ಹೆಂಟೆಗಳು ಒಂದನ್ನೊಂದು ಹತ್ತಿಕೊಂಡು, ಗುಡುಗಿಗೂ ಕೆಳಗಿನ ದನಿಯಲ್ಲಿ ಕಡಲಿನತ್ತ, ಓಸ್ಮುಂದ್ ಟೋಪಿ ತೆಗೆದ, ಎಲ್ಲ ನಿಂತ ಮೇಲೂ ನೀರು ದಡಕ್ಕೆ ಬಡಿಯುತ್ತಿತ್ತು, ಮೇಲೆ ಹಿಮ ಮುರಿದ ಆಳೆತ್ತರದ ಅಂಚು, ಚಾಕುವಿನಲ್ಲಿ ಕೊಯ್ದಂಥ ನೀಲಿ, ಅವಳು ಕಣ್ಣು ಮುಚ್ಚಿದಳು, ನೀಲಿ, ತೆರೆದಳು, ಆ ನೀಲಿ ಅಂಚು, ಅಲ್ಲಿಯವರೆಗೆ ಅಚ್ಚುಕಟ್ಟಾಗಿ ಹೋದ ಅವರಿಬ್ಬರ ನಿನ್ನೆಯ ಸ್ಕೀ ಜೋಡಿಗೆರೆ, ಆಮೇಲೆ —