ಅರ್ಧ ದಿನದ ಮುಯ್ಯಿ

ಬಿಲ್ಲಮ್ಮನನ್ನು ಏರಿಸಿದರೆ ಗೆಲ್ಲಬಹುದು. ಗೆದ್ದ ಮೇಲೆ ಏನು? ಗೆಲ್ಲುವುದಕ್ಕೆಂದೇ ಈ ಸೀಸನ್ನಿನ ಹತ್ತು ವಾರ ಆಡಿದ್ದಲ್ಲವೇ, ಈಗ ಇದೆಂಥ ಪ್ರಶ್ನೆ? ಮುನೀಂದ್ರ ತನ್ನನ್ನೇ ಗದರಿಕೊಂಡ. ಆದರೂ ಅವನ ಹೆಬ್ಬೆರಳು ಮೊಬೈಲಿನ ಗಾಜಿಗೆ ತಾಗದೆ ಒಂದು ಅಂಗುಲ ಮೇಲೆಯೇ ನಿಂತಿತ್ತು.

ಪರದೆಯಲ್ಲಿ ಅವನ ಮೂವರು ವೀರರು ಸಾಲಾಗಿ ನಿಂತಿದ್ದರು. ಎಡಗಡೆ ಬಿಲ್ಲು ಹಿಡಿದ ಹೆಂಗಸು, ನಡುವೆ ಗದೆ ಹೊತ್ತವನು, ಬಲಗಡೆ ಎದೆಯೆತ್ತರದ ಗುರಾಣಿ ಊರಿಕೊಂಡ ನರೆಮೀಸೆಯ ಮುದುಕ. ಆಟದವರು ಇಟ್ಟ ಇಂಗ್ಲಿಷ್ ಹೆಸರುಗಳನ್ನು ನಂದಗುಡಿಯ ಹುಡುಗರು ಮೊದಲ ವಾರವೇ ಬಿಟ್ಟುಬಿಟ್ಟಿದ್ದರು. ಬಿಲ್ಲಿನವಳು ಬಿಲ್ಲಮ್ಮ, ಗದೆಯವನು ಗದೆಯಪ್ಪ. ಮುದುಕ ಮಾತ್ರ ಗಂಗಣ್ಣ, ಯಾಕೆಂದರೆ ಊರಿನ ಹಾಲಿನ ಡೇರಿಯಲ್ಲಿ ಹಾಲು ಅಳೆಯುವ ಗಂಗಣ್ಣನ ಮೀಸೆ, ನಿಲುವು, ಯಾರನ್ನೂ ನಂಬದ ನೋಟ ಎಲ್ಲವೂ ಆ ಮುದುಕನಿಗಿದ್ದವು.

ಬುಧವಾರ ಬೆಳಗಿನ ಹಾಲು ಮುಗಿದು ಡೇರಿ ಖಾಲಿಯಾಗಿತ್ತು. ಬಿ.ಕಾಂ. ಮುಗಿಸಿ ಮೂರು ವರ್ಷದಿಂದ ಮುನೀಂದ್ರ ಅಲ್ಲಿ ಹಾಲಿನ ಫ್ಯಾಟ್ ನೋಡುವ ಕೆಲಸದಲ್ಲಿದ್ದ. ಯಂತ್ರದ ಪಕ್ಕದ ಬೆಂಚಿನ ಮೇಲೆ ಅವನು ಕೂತಿದ್ದರೆ, ನಿಜವಾದ ಗಂಗಣ್ಣ ನಲ್ಲಿಯ ಹತ್ತಿರ ಕ್ಯಾನು ತೊಳೆಯುತ್ತಿದ್ದ.

"ನನ್ನ ಎಷ್ಟನೇ ಕ್ಲಾಸಲ್ಲಿ ಇಟ್ಟಿದ್ದೀಯಪ್ಪ ಈಗ?" ಎಂದು ಗಂಗಣ್ಣ ಬಗ್ಗಿದಲ್ಲಿಂದಲೇ ಕೇಳಿದ.

"ಹತ್ತೊಂಬತ್ತು."

"ನಾನು ನಾಲ್ಕಕ್ಕೇ ಬಿಟ್ಟೋನು. ಇನ್ನೊಂದು ಪಾಸ್ ಮಾಡ್ಸಿಬಿಡು, ನಿಂಗೂ ಪುಣ್ಯ ಬರ್ತದೆ."

ಮುನೀಂದ್ರ ನಗಲಿಲ್ಲ. ಮೂವರು ವೀರರೂ ಹತ್ತೊಂಬತ್ತರಲ್ಲೇ ಇದ್ದರು, ಆಟದಲ್ಲಿ ಇಪ್ಪತ್ತನೇ ಮೆಟ್ಟಿಲು ದೊಡ್ಡದು. ಆ ಮೆಟ್ಟಿಲು ಹತ್ತಿದ ವೀರನಿಗೆ ಹೊಸದೊಂದು ಶಕ್ತಿ ಬರುತ್ತದೆ. ಬಿಲ್ಲಮ್ಮನಾದರೆ ದೂರದಿಂದಲೇ ಬೆಂಕಿಬಾಣ ಬಿಟ್ಟು ಗೋಪುರ ಉರುಳಿಸುತ್ತಾಳೆ. ಗಂಗಣ್ಣನಾದರೆ ಜೊತೆಗಾರನ ಪಡೆಗೆ ಎರವಲು ಹೋಗಬಲ್ಲ, ಅಷ್ಟೆ. ಹತ್ತಲು ಎಪ್ಪತ್ತು ನೀಲಿಕಲ್ಲು ಬೇಕು. ಒಬ್ಬ ಆಟಗಾರನಿಗೆ ವಾರಕ್ಕೆ ಸಿಗುವುದು ಏಳು.

ಹಾಗಾಗಿ ಹತ್ತು ಜನರ ತಂಡ ಒಂದು ಪದ್ಧತಿ ಮಾಡಿಕೊಂಡಿತ್ತು. ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಕೆಂಪರಾಜ್ ತಂಡದ ನಾಯಕ, ಅವನದೇ ಆಲೋಚನೆ. ರಾಗಿ ಕೊಯ್ಲಿನಲ್ಲಿ ಮುಯ್ಯಾಳು ಹೋಗುವುದಿಲ್ಲವೇ, ಇವತ್ತು ನಾವು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ, ಹಾಗೇ ವಾರಕ್ಕೊಬ್ಬನಿಗೆ ಎಲ್ಲರೂ ತಮ್ಮ ಏಳು ಕಲ್ಲು ಕೊಡುವುದು. ಎರಡನೇ ವಾರ, ಆಟದಲ್ಲಿ ತನ್ನ ಜೊತೆಗಾರನಾದ ಕಾಂತರಾಜುವಿನ ಸರದಿ ಬಂದಾಗ ಮುನೀಂದ್ರ ಏಳು ಕಲ್ಲು ಹಾಕಿದ್ದ. ಈಗ ಹತ್ತನೇ ವಾರ, ಮುನೀಂದ್ರನ ಸರದಿ. ಮಂಗಳವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಏಳು ಕಲ್ಲು ಕಾಂತರಾಜುವಿನದು. ಜೊತೆಗೆ ಒಂದು ಮಾತೂ ಇರಲಿಲ್ಲ.

ಇಬ್ಬರ ನಡುವೆ ಮಾತು ನಿಂತು ಹದಿನಾಲ್ಕು ತಿಂಗಳಾಗಿತ್ತು.

ಹೊರಗೆ ಬೈಕ್ ನಿಂತ ಸದ್ದಾಯಿತು. ಕೆಂಪರಾಜ್ ಒಳಗೆ ಬಂದು ನೇರ ಮುನೀಂದ್ರನ ಮೊಬೈಲಿಗೆ ಇಣುಕಿದ.

"ಲೇ, ಇನ್ನೂ ಒತ್ತಿಲ್ವೇನೋ? ಏರೋಕೆ ಮೂರು ದಿನ ಬೇಕು ಕಣೋ. ಭಾನುವಾರ ಮ್ಯಾಚು. ಕಾಮರ್ಸ್ ಓದಿರೋನು ನೀನು, ನಿಂಗೂ ನಾನೇ ಹೇಳ್ಬೇಕಾ?"

"ಒತ್ತೀನಿ."

"ಬಿಲ್ಲಮ್ಮನ್ನೇ ತಾನೇ?"

ಮುನೀಂದ್ರ ಮೊಬೈಲನ್ನು ಬೆಂಚಿನ ಮೇಲೆ ಮಗುಚಿಟ್ಟ.

"ಇವನ ಲಕ್ಷಣ ನಂಗ್ಯಾಕೋ ಸರಿ ಕಾಣ್ತಿಲ್ಲ ಗಂಗಣ್ಣ," ಎಂದ ಕೆಂಪರಾಜ್. "ಭಾನುವಾರ ಸೋತ್ರೆ ಕೆಳಗಿನ ಗುಂಪಿಗೆ ಬೀಳ್ತೀವಿ. ಎರಡು ವರ್ಷ ಆಡಿದ್ದೆಲ್ಲ ಹೋಯ್ತು. ಬಿಲ್ಲಮ್ಮ ಇದ್ರೆ ನೀನೊಬ್ನೇ ಎರಡು ಗೋಪುರ ಹೊಡೀತೀಯ." ಆಮೇಲೆ ದನಿ ತಗ್ಗಿಸಿದ. "ಕಾಂತರಾಜು ಕಲ್ಲು ಹಾಕಿದ್ದು ನೋಡ್ದಾ?"

"ನೋಡ್ದೆ."

"ಮುಯ್ಯಿ ತೀರ್ತು, ಭಾನುವಾರ ಆದ್ಮೇಲೆ ಗ್ರೂಪ್ ಬಿಡ್ತೀನಿ ಅಂದ. ದೇವನಹಳ್ಳಿ ಕಡೆ ಗೋಡೌನ್ ಡ್ಯೂಟಿ, ಟೈಮಿಲ್ವಂತೆ. ನಾನೇನೂ ಹೇಳಕ್ಕೋಗ್ಲಿಲ್ಲ. ಬಾಕಿ ಇಟ್ಕೊಂಡು ಹೋಗಲ್ಲ ಅವ್ನು, ನಿಂಗೊತ್ತಲ್ಲ."

ಮುನೀಂದ್ರನಿಗೆ ಗೊತ್ತಿತ್ತು. ಏಳನೇ ತರಗತಿಯಲ್ಲಿ ಎರವಲು ಪಡೆದ ಕಂಪಾಸನ್ನು ಜ್ವರದಲ್ಲಿ ನಡೆದು ಬಂದು ಹಿಂದಿರುಗಿಸಿದವನು ಕಾಂತರಾಜು. ಹದಿನೈದು ವರ್ಷದ ಜೊತೆ. ಕಳೆದ ವರ್ಷ ಯಾವುದೋ ಯೋಜನೆಗೆ ಜಮೀನು ಬೇಕೆಂದು ಸರ್ವೆಯವರು ಬಂದಾಗ ಊರು ಎರಡಾಯಿತು. ಕಾಂತರಾಜುವಿನ ಅಪ್ಪ ಚಿಕ್ಕವೆಂಕಟಪ್ಪ ಒಪ್ಪಿಗೆಗೆ ಸಹಿ ಹಾಕಿದರು. ಯಾಕೆ ಹಾಕಿದರೆಂದು ಯಾರೂ ಕೇಳಲಿಲ್ಲ, ಮುನೀಂದ್ರನೂ ಕೇಳಲಿಲ್ಲ. ಪಂಚಾಯಿತಿ ಕಚೇರಿಯ ಎದುರು ನಡೆದ ಸಭೆಯಲ್ಲಿ ಯಾರೋ ಮುನೀಂದ್ರನ ಕೈಗೆ ಮೈಕು ಕೊಟ್ಟರು. ಓದಿದ ಹುಡುಗ, ಎರಡು ಮಾತಾಡಲಿ ಎಂದರು. "ಇವತ್ತು ಹೊಲ ಮಾರೋರು ನಾಳೆ ಮನೇಲಿರೋರನ್ನೂ ಮಾರ್ತಾರೆ," ಎಂದುಬಿಟ್ಟಿದ್ದ ಮುನೀಂದ್ರ. ಜನ ಚಪ್ಪಾಳೆ ತಟ್ಟಿದರು. ಚಿಕ್ಕವೆಂಕಟಪ್ಪ ಎದ್ದು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ನಡೆದುಹೋದರು. ಗೋಡೆಗೆ ಒರಗಿ ನಿಂತಿದ್ದ ಕಾಂತರಾಜು ಅಪ್ಪನ ಹಿಂದೆ ಹೋಗಲಿಲ್ಲ. ಒಂದು ಗಳಿಗೆ ಮುನೀಂದ್ರನನ್ನೇ ನೋಡಿ, ಆಮೇಲೆ ಹೋದ.

ಅಂದಿನಿಂದ ಎದುರು ಸಿಕ್ಕರೆ ಇಬ್ಬರಲ್ಲಿ ಒಬ್ಬರು ರಸ್ತೆ ದಾಟುತ್ತಿದ್ದರು. ಕಾಂತರಾಜುವಿನ ಮನೆಯ ಹಾಲನ್ನು ಅವನ ತಾಯಿ ತರುತ್ತಿದ್ದರು. ಉಳಿದದ್ದು ಈ ಆಟ ಮಾತ್ರ. ಆಟದಲ್ಲಿ ಅವರು ಮೊದಲಿನಿಂದಲೂ ಜೋಡಿ. ಒಂದೇ ಕೋಟೆಗೆ ಇಬ್ಬರೂ ಎರಡು ಬಾಗಿಲಿನಿಂದ ನುಗ್ಗಬೇಕು. ಮಾತಿಲ್ಲದೆಯೂ ಅವನು ಯಾವಾಗ ನುಗ್ಗುತ್ತಾನೆ, ಇವನು ಎಲ್ಲಿ ಕಾಯುತ್ತಾನೆ ಎಂದು ಇಬ್ಬರಿಗೂ ತಿಳಿಯುತ್ತಿತ್ತು. ಭಾನುವಾರದ ನಂತರ ಅದೂ ಇರುವುದಿಲ್ಲ.

ಮಧ್ಯಾಹ್ನ ಮನೆಗೆ ಬಂದಾಗ ಅವನ ಅಜ್ಜಿ ಅಮ್ಮಯಮ್ಮ ನೆನೆಸಿದ ಅವರೆಕಾಳನ್ನು ಮುಂದಿಟ್ಟುಕೊಂಡು ಹಿದುಕುತ್ತಿದ್ದಳು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಮುನೀಂದ್ರ ಎದುರಿಗೆ ಕೂತು ಒಂದು ಹಿಡಿ ತೆಗೆದುಕೊಂಡ.

"ಅಜ್ಜಿ, ನಿಮ್ಮ ಕಾಲದಲ್ಲಿ ಮಾತು ಬಿಟ್ಟೋರು ಮುಯ್ಯಾಳು ಬರ್ತಿದ್ರಾ?"

"ಬರ್ದೆ? ನಿಮ್ಮ ತಾತನ ಅಣ್ಣನ ಮನೆಗೂ ನಮಗೂ ನಾಲ್ಕು ವರ್ಷ ಮಾತಿರ್ಲಿಲ್ಲ. ಕುಡುಗೋಲು ಹಿಡ್ಕೊಂಡು ಬರೋರು, ಅವರ ಸಾಲು ಕುಯ್ಯೋರು, ಉಂಡು ಹೋಗೋರು. ಉಪ್ಪು ಬೇಕಾದ್ರೆ ಗೋಡೆ ನೋಡ್ಕೊಂಡು ಕೇಳೋರು."

"ಮುಯ್ಯಿ ತೀರಿದ ಮೇಲೆ?"

"ತೀರಕ್ಕೆ ಬಿಟ್ರೆ ತಾನೇ?" ಅಮ್ಮಯಮ್ಮ ಕಾಳೊಂದನ್ನು ಹಿದುಕಿದಳು. ಬೇಳೆ ಹಾರಿ ತಟ್ಟೆಗೆ ಬಿತ್ತು. "ನಮ್ಮತ್ತೆ ಪಾಠ ಅದು. ಅವರು ಎರಡು ದಿನ ಬಂದಿದ್ರೆ ನಾವು ಎರಡೂವರೆ ದಿನ ಹೋಗ್ಬೇಕು. ಆ ಅರ್ಧ ದಿನ ಅವರ ಮೇಲೆ ಉಳೀಬೇಕು. ಸರಿಸಮ ಆಗೋಯ್ತು ಅಂದ್ರೆ ನಿನ್ನ ದಾರಿ ನಿಂಗೆ, ನನ್ನ ದಾರಿ ನಂಗೆ. ಅರ್ಧ ದಿನ ಇದ್ರೆ ಬರಲೇಬೇಕು."

"ನಾಲ್ಕು ವರ್ಷ ಆದ್ಮೇಲೆ ಏನಾಯ್ತು?"

"ಏನಾಗ್ತದೆ? ಒಂದಿನ ಆ ಮನೆ ಓರಗಿತ್ತಿ ಉಪ್ಪನ್ನ ನನ್ನ ನೋಡ್ಕೊಂಡೇ ಕೇಳಿದ್ಳು." ಅಜ್ಜಿ ಅವನ ಕೈ ನೋಡಿದಳು. "ಮೆಲ್ಲಗೆ ಹಿದುಕೋ, ಬೇಳೆ ಮುರೀತಾ ಇದ್ದೀಯ."

ಮುನೀಂದ್ರ ಕೈ ಒರೆಸಿಕೊಂಡು ಮೊಬೈಲು ತೆಗೆದ. ಗಂಗಣ್ಣ ಏರಿದರೆ ಬಿಲ್ಲಮ್ಮ ಇದ್ದಲ್ಲೇ ಇರುತ್ತಾಳೆ. ತನ್ನ ಬಾಗಿಲಿನಲ್ಲಿ ತಾನು ಒಂದು ಗೋಪುರವನ್ನೂ ಬೀಳಿಸಲಾರದೆ ಹೋಗಬಹುದು. ಆದರೆ ಕಾಂತರಾಜುವಿನ ಪಡೆಯಲ್ಲಿ ಗುರಾಣಿಯವನಿರಲಿಲ್ಲ, ಅವನ ಗದೆಯಪ್ಪ ಪ್ರತಿ ಸಲವೂ ಹೆಬ್ಬಾಗಿಲು ದಾಟಿದೊಡನೆ ಬಾಣಕ್ಕೆ ಸಿಕ್ಕಿ ಬೀಳುತ್ತಿದ್ದ. ಮುಂದೆ ಒಂದು ಗುರಾಣಿ ಇದ್ದರೆ ಅವನು ಒಳಗಿನವರೆಗೂ ಹೋಗುತ್ತಾನೆ. ಗೆದ್ದರೆ ಕಾಂತರಾಜುವಿನ ಕೈಯಲ್ಲಿ ಗೆಲ್ಲಬೇಕು. ಸೋತರೆ ತಂಡದ ಎದುರು ತಾನು ನಿಲ್ಲಬೇಕು. ಅದಕ್ಕೂ ಅವನು ಸಿದ್ಧನಾದ. ಅವರೆಯ ಸೊಗಡು ಅಂಟಿದ್ದ ಬೆರಳಿನಿಂದ ಗಂಗಣ್ಣನ ಎದೆಯ ಮೇಲೆ ಒತ್ತಿದ. ಎಪ್ಪತ್ತು ಕಲ್ಲು ಕರಗಿದವು. ಇನ್ನು ವಾಪಸು ಪಡೆಯುವಂತಿರಲಿಲ್ಲ.

ಸಂಜೆ ಕೆಂಪರಾಜ್ ಫೋನಿನಲ್ಲಿ ಬೈದ. ತಂಡದಲ್ಲಿ ಉಳಿದವರೂ ಬೈದರು. ಗಂಗಣ್ಣನನ್ನು ಏರಿಸಿದ್ದಕ್ಕೆ ಡೇರಿಯ ಕಡೆಯಿಂದ ಸನ್ಮಾನವೇ ಎಂದು ಒಬ್ಬ ಬರೆದ. ಕಾಂತರಾಜು ಏನೂ ಬರೆಯಲಿಲ್ಲ.

ಭಾನುವಾರ ಹನ್ನೊಂದು ಗಂಟೆಗೆ ಎಲ್ಲರೂ ಕೆಂಪರಾಜನ ಅಂಗಡಿಯಲ್ಲಿ ಸೇರಿದರು. ನೆಟ್‌ವರ್ಕು ಅಲ್ಲಿ ಚೆನ್ನಾಗಿತ್ತು. ಜೆರಾಕ್ಸ್ ಯಂತ್ರದ ಸುತ್ತ ಕೂತವರಲ್ಲಿ ಕಾಂತರಾಜು ಇರಲಿಲ್ಲ. ಅವನು ಎಂದಿನಂತೆ ಎದುರಿನ ಹೊಂಗೆಮರದ ಕೆಳಗೆ ಬೈಕಿನ ಮೇಲೆ ಕೂತು, ತಲೆ ತಗ್ಗಿಸಿ ತನ್ನ ಮೊಬೈಲು ನೋಡುತ್ತಿದ್ದ. ಅಂಗಡಿಯ ಬಾಗಿಲಿನಿಂದ ಅವನ ನೆತ್ತಿ ಮಾತ್ರ ಮುನೀಂದ್ರನಿಗೆ ಕಾಣುತ್ತಿತ್ತು.

ಮೊದಲ ನಾಲ್ಕು ಜೋಡಿ ಆಡಿ ಮುಗಿಸಿದಾಗ ಎರಡು ಗೆಲುವು, ಎರಡು ಸೋಲು. ಕೊನೆಯ ಜೋಡಿ ಇವರದು.

"ನಿಂಗೆ ಒಳ್ಳೇದಾಗ್ಲಿ ಗುರು," ಎಂದ ಕೆಂಪರಾಜ್. ದನಿಯಲ್ಲಿ ಹಾರೈಕೆ ಇರಲಿಲ್ಲ.

ಕೋಟೆಯ ಬಾಗಿಲು ತೆರೆಯಿತು. ಮುನೀಂದ್ರ ಬಿಲ್ಲಮ್ಮನನ್ನೂ ಗದೆಯಪ್ಪನನ್ನೂ ತನ್ನ ಬಾಗಿಲಿನಲ್ಲಿ ಇಳಿಸಿದ. ಆಮೇಲೆ ಗಂಗಣ್ಣನನ್ನು ಮುಟ್ಟಿ, 'ಎರವಲು' ಎಂಬಲ್ಲಿ ಒತ್ತಿದ. ಅತ್ತ ಕಾಂತರಾಜುವಿನ ಪರದೆಯಲ್ಲಿ ಈಗ ಒಂದು ಪ್ರಶ್ನೆ ಮೂಡಿರುತ್ತದೆ: ಜೊತೆಗಾರ ಕೊಟ್ಟ ವೀರನನ್ನು ತೆಗೆದುಕೊಳ್ಳುವಿರಾ? ಉತ್ತರಕ್ಕೆ ಹದಿನೈದು ಸೆಕೆಂಡು.

ಹದಿಮೂರು. ಹನ್ನೆರಡು. ಹೊಂಗೆಮರದ ಕೆಳಗಿನ ತಲೆ ಮೇಲೆದ್ದಿತು. ಕಾಂತರಾಜು ಅಂಗಡಿಯ ಕಡೆ ನೋಡಿದ. ಸಭೆಯ ದಿನ ನೋಡಿದ ಹಾಗೆಯೇ, ಮುಖದಲ್ಲಿ ಏನೂ ಇಲ್ಲದೆ. ಮುನೀಂದ್ರ ಈ ಸಲ ಕಣ್ಣು ತಗ್ಗಿಸಲಿಲ್ಲ.

"ತಗೊಳ್ಳೋ ಮಾರಾಯ," ಎಂದು ಕೆಂಪರಾಜ್ ಹಲ್ಲು ಕಚ್ಚಿಕೊಂಡು ಗೊಣಗಿದ.

ಎಂಟು. ಏಳು. ತೆಗೆದುಕೊಂಡರೆ ಬಾಕಿ ಉಳಿಯುತ್ತದೆ, ಅದು ಅವನಿಗೂ ಗೊತ್ತಿತ್ತು. ಆರು. ಐದು. ಕಾಂತರಾಜು ತಲೆ ತಗ್ಗಿಸಿದ. ಮೂರು ಎನ್ನುವಾಗ ಮುನೀಂದ್ರನ ಪರದೆಯಿಂದ ಗಂಗಣ್ಣ ಮಾಯವಾಗಿ, ಕೋಟೆಯ ಆ ಬದಿಯ ಹೆಬ್ಬಾಗಿಲಿನಲ್ಲಿ ಗುರಾಣಿ ಊರಿ ನಿಂತ.

ಆಮೇಲಿನದು ನಾಲ್ಕು ನಿಮಿಷ. ಬಾಣಗಳೆಲ್ಲ ಗುರಾಣಿಗೆ ಬಡಿದವು. ಅದರ ಹಿಂದೆ ಕಾಂತರಾಜುವಿನ ಗದೆಯಪ್ಪ ಮೊದಲ ಬಾರಿಗೆ ಒಳ ಅಂಗಳ ಕಂಡ. ಇತ್ತ ಮುನೀಂದ್ರನ ಬಿಲ್ಲಮ್ಮ ಗೋಪುರದ ಬುಡದಲ್ಲಿ ಬಿದ್ದಳು, ಅವನ ಗದೆಯಪ್ಪನೂ ಬಿದ್ದ. ಅವನ ಕೈಯಲ್ಲಿ ಆಡಲು ಏನೂ ಉಳಿಯಲಿಲ್ಲ. ಸುಮ್ಮನೆ ನೋಡುತ್ತ ಕೂತ. ಕಾಂತರಾಜು ಒಬ್ಬನೇ ಎರಡು ಗೋಪುರ ಉರುಳಿಸಿದ. ಮೂರನೆಯದನ್ನು ಮುಟ್ಟುವಷ್ಟರಲ್ಲಿ ಸಮಯ ಮುಗಿಯಿತು. ಎದುರಾಳಿಗಳು ಇವರ ಕೋಟೆಯಲ್ಲಿ ಬೀಳಿಸಿದ್ದು ಒಂದೇ.

ಅಂಗಡಿಯಲ್ಲಿ ಎಲ್ಲರೂ ಎದ್ದು ನಿಂತರು. ಕೆಂಪರಾಜ್ ಮುನೀಂದ್ರನ ಬೆನ್ನಿಗೆ ಗುದ್ದಿ, "ಗಂಗಣ್ಣನಿಗೆ ಒಂದು ಹಾರ ತರ್ರೋ," ಎಂದ. ಹೊರಗೆ ಬೈಕ್ ಸ್ಟಾರ್ಟ್ ಆಯಿತು. ಮುನೀಂದ್ರ ಬಾಗಿಲಿಗೆ ಬರುವಷ್ಟರಲ್ಲಿ ಹೊಂಗೆಮರದ ಕೆಳಗೆ ನೆರಳಷ್ಟೇ ಇತ್ತು.

ಕಾಂತರಾಜುವಿನ ಹೆಸರು ಇಲ್ಲದಿದ್ದರೆ ಎಂದು ಮುನೀಂದ್ರ ರಾತ್ರಿ ತಂಡದ ಪಟ್ಟಿ ತೆರೆಯಲಿಲ್ಲ. ಸೋಮವಾರ ಬೆಳಿಗ್ಗೆಯೂ ತೆರೆಯಲಿಲ್ಲ.

ಸೋಮವಾರ ಸಂಜೆ ಐದೂವರೆಗೆ ಡೇರಿಯ ಸಾಲಿನಲ್ಲಿ, ಕಾಂತರಾಜುವಿನ ತಾಯಿ ನಿಲ್ಲುವ ಜಾಗದಲ್ಲಿ, ಕ್ಯಾನು ಹಿಡಿದು ಕಾಂತರಾಜುವೇ ನಿಂತಿದ್ದ.

"ಏನಪ್ಪಾ, ನನ್ನ ಬಾಡಿಗೆಗೆ ತಗೊಂಡು ದುಡಿಸ್ಕೊಂಡ್ಯಂತೆ," ಎಂದ ಗಂಗಣ್ಣ, ಹಾಲು ಸುರಿಯುತ್ತ. "ಒಂದು ಬೀಡಿನೂ ಕೊಡ್ಲಿಲ್ವಲ್ಲ."

"ಬಾಣ ಬೀಳೋವಾಗ ಬೀಡಿ ಎಲ್ಲಿ ಹಚ್ತೀಯ ಗಂಗಣ್ಣ," ಎಂದು ಕಾಂತರಾಜು ನಕ್ಕ.

ಹಾಲಿನ ಮಾದರಿ ಮುನೀಂದ್ರನ ಮುಂದೆ ಬಂತು. ಅವನು ಅದನ್ನು ಯಂತ್ರಕ್ಕಿಟ್ಟ. ಅಂಕಿ ಮೂಡಲು ಸ್ವಲ್ಪ ಹೊತ್ತು ಬೇಕು. ಕಾಂತರಾಜು ಯಂತ್ರವನ್ನೇ ನೋಡುತ್ತ ನಿಂತ.

"ಬಾಕಿ ಉಳೀತು ನಂದು," ಎಂದ, ಯಂತ್ರಕ್ಕೆ ಹೇಳುವ ಹಾಗೆ.

"ಹೂಂ."

"ಮುಂದಿನ ಸೀಸನ್ ಆಡ್ತೀನಿ. ತೀರಿಸಿ ಹೋಗ್ತೀನಿ."

"ತೀರ್ಸು."

ಅಂಕಿ ಮೂಡಿತು. ನಾಲ್ಕು ಪಾಯಿಂಟ್ ಎರಡು. ಮುನೀಂದ್ರ ಚೀಟಿ ಹರಿದು ಕೊಟ್ಟ. ಕಾಂತರಾಜು ಅದನ್ನು ಜೇಬಿಗೆ ಹಾಕಿಕೊಂಡು, ಖಾಲಿ ಕ್ಯಾನಿನ ಮುಚ್ಚಳ ಒತ್ತಿ, ಹಿಂದೆ ನಿಂತವರಿಗೆ ದಾರಿ ಬಿಟ್ಟ. ಮುಂದಿನ ಸೀಸನ್ನಿನಲ್ಲಿ ಗಂಗಣ್ಣನನ್ನು ಇಪ್ಪತ್ತೊಂದಕ್ಕೆ ಏರಿಸುವುದೆಂದು ಮುನೀಂದ್ರ ಆಗಲೇ ತೀರ್ಮಾನಿಸಿದ್ದ. ಕಾಂತರಾಜು ಈ ಅರ್ಧ ದಿನ ತೀರಿಸುವಷ್ಟರಲ್ಲಿ ಅವನ ಮೇಲೆ ಇನ್ನರ್ಧ ದಿನ ಏರಬೇಕು. ಅದರ ಮುಂದಿನ ಸೀಸನ್ನಿಗೂ ಹಾಗೇ.

ನಿಮ್ಮಪ್ಪನ ಬಗ್ಗೆ ಅವತ್ತು ಸಭೆಯಲ್ಲಿ ನಾನು ಆಡಿದ್ದು ತಪ್ಪು ಎಂಬ ಮಾತನ್ನು ಅವನು ಕಾಂತರಾಜುವಿಗೆ ಆ ಸಂಜೆ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.