ಭಾವನಿಗೆ ಮಾತ್ರ ರಿಯಾಯಿತಿ

ಕೆರೆ ದಂಡೆಯಲ್ಲಾಗಲಿ ಬೀದಿಯಲ್ಲಾಗಲಿ ಇನ್ನು ಮುಂದೆ ಕುಡಿಯುವಂತಿಲ್ಲ ಎಂದು ನಗರಸಭೆ ಬೋರ್ಡು ನೆಟ್ಟ ದಿನ ಬೀದಿಯ ಹೆಂಗಸರೆಲ್ಲ ಸದ್ಯ ಬದುಕಿದೆವು ಅಂದರು. ಇಸ್ತ್ರಿ ಅಂಗಡಿಯವಳ ಎದೆ ಮಾತ್ರ ಧಸಕ್ಕೆಂದಿತು. ಅವಳ ಗಂಡ ಲಾರಿಗೆ ಮೂಟೆ ಹೊರುವವನು. ಸಂಜೆಯಾದರೆ ಆ ದಂಡೆಯ ಕಲ್ಲುಬೆಂಚಿನ ಮೇಲೆ ಕೂತು ಕುಡಿದು, ಮೇಸ್ತ್ರಿಯ ವಂಶವನ್ನೆಲ್ಲ ಜಾಲಾಡಿ, ಪಕ್ಕದ ಮರಕ್ಕೆ ಗುದ್ದಿ, ಮೈಯಲ್ಲಿದ್ದ ಸಿಟ್ಟನ್ನೆಲ್ಲ ಅಲ್ಲೇ ಖಾಲಿ ಮಾಡಿ ಬರುತ್ತಿದ್ದ. ಮನೆಗೆ ಬಂದರೆ ಸುಮ್ಮನೆ ಬಿದ್ದುಕೊಳ್ಳುತ್ತಿದ್ದ. ಇಷ್ಟು ವರ್ಷ ಏಟು ತಿಂದದ್ದು ಮರ.

ಬೋರ್ಡಿನ ಜೊತೆಗೆ ಒಂದು ಕಾವಲು ದಳವೂ ಬಂತು. ಅದರಲ್ಲಿ ಅವಳ ಸ್ವಂತ ತಮ್ಮ! ಹಳದಿ ಕೋಟು, ಕೊರಳಲ್ಲಿ ಸೀಟಿ, ಕೈಯಲ್ಲಿ ಲಾಠಿ. ಕೇಳಬೇಕೇ ಅವನ ಗತ್ತು. ಸೀಟಿ ಊದಿ ವ್ಯಾನು ಕರೆಸಿ, ಸಿಕ್ಕಿಬಿದ್ದವರನ್ನು ಅದಕ್ಕೆ ತುಂಬಿ, ರಾತ್ರಿಯೆಲ್ಲ ಠಾಣೆಯಲ್ಲಿ ಕೂಡಿಹಾಕಿ, ಬೆಳಿಗ್ಗೆ ಬಿಡುವುದು ದಳದ ಕ್ರಮ. ಭಾವನಿಗೆ ಮಾತ್ರ ರಿಯಾಯಿತಿ. ಎಲ್ಲರೆದುರು ಬೆನ್ನಿಗೆ ನಾಲ್ಕು ಬಾರಿಸಿ, ಕುಡಿಯೋದಾದ್ರೆ ಮನೇಲಿ ಕುಡಿ ಭಾವ ಎಂದು ತಾನೇ ಬಾಗಿಲ ತನಕ ತಂದುಬಿಡುತ್ತಿದ್ದ. ಬಾಟಲಿಯನ್ನೂ ಕಸಿಯುತ್ತಿರಲಿಲ್ಲ. ಅಕ್ಕನ ಮರ್ಯಾದೆ ಉಳಿಸಿದೆನೆಂದು ಬೀಗುತ್ತಾ ಹೋಗುತ್ತಿದ್ದ, ದೊಡ್ಡ ಮನುಷ್ಯ.

ಬಾಗಿಲು ಮುಚ್ಚಿತೋ, ಬೆನ್ನ ಮೇಲಿನ ಬಾಸುಂಡೆಗಳೆಲ್ಲ ಬಡ್ಡಿ ಸಮೇತ ಅವಳಿಗೆ. ತಮ್ಮನ ಲಾಠಿಗೆ ಉಸಿರೆತ್ತದವನು ಅಕ್ಕನ ಜಡೆ ಸುತ್ತಿ ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸುತ್ತಿದ್ದ. ಒಂದು ಹಲ್ಲು ಹೋಯಿತು. ಎಡಗಿವಿ ಕೇಳಿಸದಾಯಿತು.

ಕೊನೆಗೆ ಅವಳು ಬೀದಿಯ ತುದಿಯಲ್ಲಿದ್ದ ತಮ್ಮನ ಮನೆಗೇ ಹೋದಳು. ಎಲ್ಲರನ್ನು ಹಾಕುವ ವ್ಯಾನಿಗೇ ಅವನನ್ನೂ ಹಾಕು, ಒಂದು ರಾತ್ರಿಯಾದರೂ ಕಣ್ಣು ಮುಚ್ಚುತ್ತೇನೆ ಎಂದು ಬೇಡಿಕೊಂಡಳು. ತಮ್ಮ ಕಿವಿಗೇ ಹಾಕಿಕೊಳ್ಳಲಿಲ್ಲ. ಭಾವನನ್ನು ಲಾಕಪ್ಪಿಗೆ ತಳ್ಳಿ ಊರಲ್ಲಿ ತಲೆ ಎತ್ತಿ ತಿರುಗೋದು ಹೇಗೆ, ಇನ್ನೂ ನಾಲ್ಕು ಜಾಸ್ತಿ ಬಿಗಿಯುತ್ತೇನೆ, ಬುದ್ಧಿ ಬರುತ್ತೆ ಬಿಡು ಅಂದ. ಅವನ ಹೆಂಡತಿ ಒಳಗಿಂದಲೇ, ಗಂಡನನ್ನು ಹಿಡಿತದಲ್ಲಿಟ್ಟುಕೊಳ್ಳೋದು ಕಲೀರಿ ಅತ್ತಿಗೆ ಎಂದು ಬುದ್ಧಿ ಹೇಳಿದಳು. ಅಯ್ಯೋ ಪುಣ್ಯಾತ್ಗಿತ್ತಿ, ನಿನಗೇನು ಗೊತ್ತು!

ಆ ಸಂಜೆ ತಮ್ಮ ಮಾತು ತಪ್ಪಲಿಲ್ಲ. ನಾಲ್ಕು ಜಾಸ್ತಿಯೇ ಬಿಗಿದು, ಭಾವನನ್ನು ಒಳಗೆ ನೂಕಿ ಹೊರಟ. ಅವಳು ಗಿರಾಕಿಯ ಬಿಳಿ ಷರಟಿಗೆ ಇಸ್ತ್ರಿ ಹಾಕುತ್ತಿದ್ದಳು. ಗಂಡ ಬಾಟಲಿಯನ್ನು ಮೇಜಿನ ಮೇಲಿಟ್ಟು, ಅಂಗಿ ಕಳಚಿ, ರಕ್ತ ಜಿನುಗುವ ಬೆನ್ನು ತೋರಿಸಿದ.

"ನೋಡು, ನಿನ್ನ ತಮ್ಮ ಕೊಟ್ಟದ್ದು. ತಗೋ."

ಅವಳ ಕೈ ತಿರುಚಿ ಮುಂಗೈಯನ್ನು ಕಾದ ಇಸ್ತ್ರಿಪೆಟ್ಟಿಗೆಗೆ ಒತ್ತಿದ. ಚುರ್ರೆಂದಿತು. ಸುಟ್ಟ ಚರ್ಮದ ವಾಸನೆ ಕೋಣೆ ತುಂಬಿತು. ಅವಳು ಚೀರಿದ ರಭಸಕ್ಕೆ ಅವನೇ ಬೆದರಿ ಕೈ ಬಿಟ್ಟ. ಅಷ್ಟು ಸಾಕಾಯಿತು. ಇನ್ನೊಂದು ಕೈಯಲ್ಲಿ ಪೆಟ್ಟಿಗೆ ಎತ್ತಿ ಅವನ ಮೊಣಕಾಲಿಗೆ ಬೀಸಿದಳು. ಮೂಳೆ ಲಟಕ್ಕೆಂದಿತು, ಅವನು ನೆಲಕ್ಕೆ ಕುಸಿದ. ಅವಳು ಬಾಟಲಿಯನ್ನು ಹೊಸ್ತಿಲಾಚೆ ಬೀದಿಗೆ ಉರುಳಿಸಿದಳು. ಕಾಲು ಮುರಿದರೂ ಬಾಟಲಿ ಬಿಡುವ ಪ್ರಾಣಿಯೇ ಅದು? ತೆವಳಿಕೊಂಡು ಹೋಗಿ ನಡುಬೀದಿಯಲ್ಲಿ ಅದನ್ನು ಎದೆಗವಚಿಕೊಂಡ.

ಚೀರಾಟ ಕೇಳಿ ತಮ್ಮ ಅರ್ಧ ದಾರಿಯಿಂದ ಓಡಿಬಂದ. ಅಕ್ಕನ ಕೈ ಕಂಡದ್ದೇ ತಡ, ಭಾವನ ಮೇಲೆ ಎರಗಿದ. ಮೊದಲ ಏಟಿಗೇ ಹಣೆ ಸೀಳಿತು. ಎರಡನೆಯದು ಬೀಳುವ ಮೊದಲು ಅವಳು ಸುಟ್ಟ ಕೈಯಲ್ಲೇ ಲಾಠಿ ಹಿಡಿದಳು. ನೋವಿಗೆ ಕಣ್ಣು ಕತ್ತಲಿಟ್ಟರೂ ಬಿಡಲಿಲ್ಲ.

"ಹೊಡೀಬೇಡ. ನೀನು ಹೊಡೆದದ್ದೆಲ್ಲ ನನಗೇ ಬಂದು ಬೀಳುತ್ತೆ. ಈಗ ಬೀದೀಲಿದ್ದಾನೆ, ಕೈಯಲ್ಲಿ ಬಾಟಲಿ ಇದೆ. ವ್ಯಾನು ಕರೆಸು."

ಜನ ಸೇರಿದ್ದಾರೆ ಅಕ್ಕ, ಮರ್ಯಾದೆ ಪ್ರಶ್ನೆ ಎಂದು ಅವನು ಗೊಣಗಿದ.

"ಸರಿ, ಮನೇಲೇ ಕುಡೀಲಿ. ನಿನ್ನ ಮನೇಲಿ. ಎತ್ತಿಕೊಂಡು ಹೋಗು."

ತಮ್ಮ ಬೀದಿಯ ತುದಿಗೆ ನೋಡಿದ. ಅವನ ಹೆಂಡತಿ, ಗಲಾಟೆ ಕೇಳಿ, ಬಾಗಿಲಲ್ಲಿ ಬಂದು ನಿಂತಿದ್ದಳು. ಅವಳನ್ನು ನೋಡಿದ, ಕಾಲಬುಡದಲ್ಲಿ ಹಲ್ಲು ಕಡಿಯುತ್ತಿದ್ದ ಭಾವನನ್ನು ನೋಡಿದ. ಆಮೇಲೆ ಸೀಟಿ ಬಾಯಿಗಿಟ್ಟು ವ್ಯಾನಿಗೆ ಊದಿದ.