ಯಜಮಾನರ ಸಹಿ

ಹಲಸೂರಿನ ಡಾಕ್ಟರ್ ಸುಕನ್ಯ ಇಪ್ಪತ್ತೆರಡು ವರ್ಷದಿಂದ ಹೆರಿಗೆ ಮಾಡಿಸುತ್ತಿದ್ದರೂ ಒಂದು ಸ್ಕ್ಯಾನಿಂಗ್ ರಿಪೋರ್ಟನ್ನು ಮತ್ತೆ ಮತ್ತೆ ತಿರುವಿ ನೋಡಿದ್ದು ಇದೇ ಮೊದಲು. ಎದುರಿಗೆ ಕೂತಿದ್ದ ಭವ್ಯಳಿಗೆ ಏಳು ತಿಂಗಳು. ಹಿಂದಿನ ಮೂರೂ ಸಿಸೇರಿಯನ್. ಈ ಸಲ ಮಾಸು, ಅಂದರೆ ಪ್ಲಾಸೆಂಟಾ, ಹಳೆಯ ಹೊಲಿಗೆಯೊಳಕ್ಕೇ ಬೇರು ಬಿಟ್ಟಿತ್ತು. ಹೆರಿಗೆಯಲ್ಲಿ ಗರ್ಭಕೋಶವನ್ನೇ ತೆಗೆಯಬೇಕಾಗಬಹುದು. ರಕ್ತ ನಿಲ್ಲದಿದ್ದರೆ ಭವ್ಯ ಉಳಿಯುವುದೇ ಅನುಮಾನ.

ಹೀಗಾಗಬಾರದೆಂದೇ ಎರಡು ವರ್ಷದ ಹಿಂದೆ, ಮೂರನೇ ಮಗುವಿನ ಹೊತ್ತಿಗೆ, ಅವಳು ತಾನಾಗಿಯೇ ಮಕ್ಕಳಾಗದ ಆಪರೇಷನ್ ಕೇಳಿದ್ದಳು. ಸುಕನ್ಯ ಒಳ್ಳೆಯದೇ ಆಯಿತೆಂದು ಫಾರ್ಮ್ ತೆಗೆದಿದ್ದರು. ಅದರ ಕೊನೆಯಲ್ಲಿ 'ಯಜಮಾನರ ಸಹಿ' ಎಂದೊಂದು ಗೆರೆ. ಕೆ.ಆರ್. ಪುರದ ಗಂಡ ಮುನೀಂದ್ರ ಒಳ್ಳೆಯವನೇ. ಆಪರೇಷನ್‌ಗೆ ಅವನ ತಕರಾರಿರಲಿಲ್ಲ. ತಕರಾರಿದ್ದದ್ದು ಸಹಿಗೆ. ಅವನಪ್ಪ ಮುನಿನಾರಾಯಣಪ್ಪ ಯಾರನ್ನೋ ನಂಬಿ ಖಾಲಿ ಕಾಗದಕ್ಕೆ ಸಹಿ ಹಾಕಿ, ರಸ್ತೆ ಪಕ್ಕದ ಎರಡೆಕರೆ ಕಳೆದುಕೊಂಡಿದ್ದ. ಅಂದಿನಿಂದ ಆ ಮನೆಯಲ್ಲಿ ಕೊರಿಯರ್‌ನವನಿಗೂ ಸಹಿ ಸಿಗುವುದಿಲ್ಲ.

"ಏನ್ ಬೇಕಾದ್ರೂ ಮಾಡಿ ಡಾಕ್ಟ್ರೇ, ಸಹಿ ಮಾತ್ರ ಕೇಳ್ಬೇಡಿ," ಎಂದಿದ್ದ ಮುನೀಂದ್ರ.

"ನಾನ್ ಕೇಳ್ತಿಲ್ಲಪ್ಪ, ಕಾನೂನು ಕೇಳ್ತಿದೆ. ನಾಳೆ ನನ್ ಲೈಸೆನ್ಸೇ ಹೋಗುತ್ತೆ," ಎಂದಿದ್ದರು ಸುಕನ್ಯ.

ಕೊನೆ ಗಳಿಗೆಯವರೆಗೂ ನರ್ಸ್ ಅವನ ಮುಂದೆ ಪೆನ್ನು ಹಿಡಿದು ನಿಂತಿದ್ದಳು. ಅವನು ಜೇಬಿನಿಂದ ಕೈ ತೆಗೆಯಲಿಲ್ಲ. ಸಿಸೇರಿಯನ್ ಮುಗಿಸಿದ ಸುಕನ್ಯ, ಜೊತೆಗೇ ಮಾಡಬಹುದಾಗಿದ್ದ ಆ ಐದು ನಿಮಿಷದ ಕೆಲಸ ಬಿಟ್ಟು ಹೊಟ್ಟೆ ಹೊಲಿದರು. ಗರ್ಭನಿರೋಧಕ ಮಾತ್ರೆ ಬರೆದುಕೊಟ್ಟು, ಸಹಿಯಾದ ಮೇಲೆ ಬಾ ಎಂದು ಫಾರ್ಮನ್ನೂ ಕೊಟ್ಟು ಕಳಿಸಿದರು.

ಈಗ ಭವ್ಯ ಬ್ಯಾಗಿನಿಂದ ಅದೇ ಫಾರ್ಮ್ ತೆಗೆದು ಮೇಜಿನ ಮೇಲಿಟ್ಟಳು. "ನಿನ್ನೆ ಸ್ಕ್ಯಾನಿಂಗ್‌ನವ್ರು ಹೇಳಿದ್ದು ಕೇಳಿ ನಮ್ಮನೆಯವ್ರು ಹೆದರ್ಬಿಟ್ರು ಮೇಡಂ. ಸಹಿ ಹಾಕಿದಾರೆ ನೋಡಿ."

ಪಾಪ, ಎಷ್ಟು ಒತ್ತಿ ಬರೆದಿದ್ದನೆಂದರೆ ಕಾಗದವೇ ತೂತಾಗಿತ್ತು.

ಹೊಸದಾಗಿ ಸೇರಿದ್ದ ಡಾಕ್ಟರ್ ನೌರೀನ್ ಪಕ್ಕದಿಂದ ಬಗ್ಗಿ ನೋಡಿದಳು. "ಗಂಡನ ಸಹಿ ಯಾಕೆ ಮೇಡಂ? ರೂಲ್ಸ್‌ನಲ್ಲಿ ಇಲ್ವಲ್ಲ. ಪೇಷಂಟ್ ಸಹಿ ಒಂದೇ ಸಾಕು."

ಸರ್ಕಾರದ ಮಾರ್ಗಸೂಚಿಯನ್ನು ಮೊಬೈಲ್‌ನಲ್ಲಿ ತೆರೆದು ಕೊಟ್ಟಳು. ಸುಕನ್ಯ ಎರಡು ಸಲ ಓದಿದರು. ಗಂಡನ ಒಪ್ಪಿಗೆ ಬೇಕಿಲ್ಲವೆಂದು ಸ್ಪಷ್ಟವಾಗಿಯೇ ಇತ್ತು. ಇವತ್ತು ನಿನ್ನೆ ಬಂದ ನಿಯಮವೂ ಅಲ್ಲ. ಹಾಗಾದರೆ ಆ ಗೆರೆ ಬಂದದ್ದೆಲ್ಲಿಂದ? ತಮ್ಮ ನರ್ಸಿಂಗ್ ಹೋಮ್ ಶುರುವಾದಾಗ ಶಿವಾಜಿನಗರದ ಪ್ರೆಸ್ಸಿನ ಸನಾವುಲ್ಲಾ ಇನ್ಯಾವುದೋ ಫಾರ್ಮ್ ತೋರಿಸಿ, "ಎಲ್ಲಾರೂ ಇದೇ ಹಾಕಿಸ್ತಾರೆ ಮೇಡಂ" ಎಂದಿದ್ದ, ಇವರು ತಲೆಯಾಡಿಸಿದ್ದರು. ಅಷ್ಟೇ. ಅಚ್ಚಾಗಿ ಬಂದದ್ದೇ ಕಾನೂನಾಯಿತು. ಆ ಗೆರೆ ತೋರಿಸಿ ಎಷ್ಟು ಹೆಂಗಸರನ್ನು ವಾಪಸ್ ಕಳಿಸಿದ್ದರೋ! ಎದ್ದು ಹೋಗಿಬಿಡೋಣ ಎನಿಸಿತು. ಆದರೆ ಬಾಗಿಲ ಕಡೆಗೇ ಭವ್ಯ ಕೂತಿದ್ದಳು.

"ಅವತ್ತೂ ಬೇಕಿರ್ಲಿಲ್ವಾ ಮೇಡಂ?" ಅವಳು ಕೇಳಿದಳು.

ರೂಲ್ಸ್ ಈಚೆಗೆ ಬದಲಾಯಿತು ಅಂದುಬಿಟ್ಟರೆ ಮುಗಿಯಿತು. ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಸುಕನ್ಯ ಕಷ್ಟಪಟ್ಟು ನುಂಗಿಕೊಂಡರು.

"ಇಲ್ಲಮ್ಮ. ತಪ್ಪು ನಂದೇ. ನೀನೊಬ್ಳು ಸಹಿ ಹಾಕಿದ್ರೆ ಸಾಕಿತ್ತು."

ಭವ್ಯ ಫಾರ್ಮನ್ನು ತನ್ನ ಕಡೆ ತಿರುಗಿಸಿಕೊಂಡಳು. ಗಂಡನ ಹೆಸರಿನ ಮೇಲಿನ ಸಾಲಿನಲ್ಲಿ, ಎರಡು ವರ್ಷದಲ್ಲಿ ಮಾಸಿಹೋದ ನೀಲಿ ಶಾಯಿಯ ಮೇಲೆ ಬೆರಳಿಟ್ಟಳು.

"ನಾನು ಅವತ್ತೇ ಹಾಕಿದ್ನಲ್ಲ ಮೇಡಂ," ಎಂದಳು.